ನಾಯಿಗೂ ಸೂತಕವುಂಟೆ?

ಗುಂಡ ಸತ್ತ ದಿನ ಶಾಲೆಗೆ ಕಳಿಸಿದ ರಜೆ ಅರ್ಜಿಯಲ್ಲಿ ನಾನು ‘ಜ್ವರ’ ಎಂದು ಬರೆದಿದ್ದೆ. ಇಪ್ಪತ್ತೇಳು ವರ್ಷದ ಸರ್ವೀಸಿನಲ್ಲಿ ಇಂಥ ಜ್ವರ ನನಗೆ ಬಂದದ್ದು ಅದೇ ಮೊದಲೇನಲ್ಲ. ಮಗಳ ಪರೀಕ್ಷೆಗೆ, ನಾದಿನಿಯ ಮನೆಯ ಮದುವೆಗೆ, ಎಲ್ಲಕ್ಕೂ ಬಂದಿದೆ. ಆದರೆ ಆ ದಿನ ಬರೆಯುವಾಗ ಕೈ ತಡೆಯಿತು. ‘ಮನೆಯಲ್ಲಿ ಸಾವು’ ಎಂದು ಬರೆದಿದ್ದರೆ ಸುಳ್ಳೇನೂ ಆಗುತ್ತಿರಲಿಲ್ಲ. ಯಾರು ಸತ್ತದ್ದು ಎಂದು ಯಾರಾದರೂ ಕೇಳಿದರೆ? ಹದಿಮೂರು ವರ್ಷ ನಮ್ಮ ಜಗಲಿಯ ಮೇಲೆ ಮಲಗಿದ್ದ, ಬೀದಿಯಿಂದ ಬಂದ, ಕುಲಗೋತ್ರವಿಲ್ಲದ ಒಂದು ಕಂದು ನಾಯಿ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಮೂತ್ರಪಿಂಡ ಕೆಟ್ಟಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ದನದ ಡಾಕ್ಟರು ಹೇಳಿ ನಾಲ್ಕು ದಿನವಾಗಿತ್ತು. ಬೆಳಗಿನ ಜಾವ ಅವನು ಉಸಿರೆಳೆಯುವುದನ್ನು ನೋಡುತ್ತ ನಾನು ಜಗಲಿಯ ಮೇಲೆ ಕೂತಿದ್ದೆ. ಒಳಗಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಎಂಬತ್ತನಾಲ್ಕು ವರ್ಷದ ಜೀವ, ಕಡು ಮಡಿ. ಗುಂಡನನ್ನು ಒಂದು ದಿನವೂ ಹೊಸ್ತಿಲು ದಾಟಲು ಬಿಟ್ಟವರಲ್ಲ. ಅವನ ನೆರಳು ಸೋಕಿದರೆ ಸೀರೆ ಬದಲಿಸುತ್ತಿದ್ದರು. ಅಂಥವರು, “ಬಾಯಿಗೆ ನೀರು ಬಿಡೇ, ಸುಮ್ನೆ ನೋಡ್ಕೊಂಡು ಕೂತಿದ್ದೀಯಲ್ಲ” ಎಂದು ಗದರಿಸಿ ದೇವರ ಮನೆಯ ಉದ್ಧರಣೆಯಲ್ಲಿ ತುಳಸಿ ನೀರು ತಂದು ನನ್ನ ಕೈಗೆ ಕೊಟ್ಟರು. (ಆಮೇಲೆ ಆ ಉದ್ಧರಣೆಗೆ ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದರೆನ್ನುವುದು ಬೇರೆ ಮಾತು.)

ನಮ್ಮವರು ಹಿತ್ತಿಲ ತೆಂಗಿನ ಮರದ ಬುಡದಲ್ಲಿ ಗುಂಡಿ ತೋಡಿದರು. ಹಳೆಯ ಜಮಖಾನದಲ್ಲಿ ಸುತ್ತಿ ಇಟ್ಟೆವು. ಅಷ್ಟಕ್ಕೆ ಎಲ್ಲ ಮುಗಿಯಿತು. ಎಂಟು ಗಂಟೆಗೆ ನಲ್ಲಿ ನೀರು ಬಂತು, ಹಾಲಿನವನು ಬಂದ, ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ “ಇದೇನ್ರೀ ಟೀಚರ್ರೇ, ನಾಯಿಗೆ ಯಾರಾದ್ರೂ ಹಿಂಗೆ ಅಳ್ತಾರಾ? ಇನ್ನೊಂದು ಮರಿ ತಂದ್ರಾಯ್ತು” ಎಂದರು. ಮನೆಗೆ ಬರುವ ಪುರೋಹಿತರಿಗೆ ಫೋನು ಮಾಡಿ ಅರ್ಧ ತಮಾಷೆಯೆಂಬಂತೆ, ನಾಯಿಗೂ ಸೂತಕವುಂಟೆ ಎಂದು ಕೇಳಿದೆ. ಅವರು ನಕ್ಕು, “ಗೋತ್ರ ಯಾವುದಮ್ಮ?” ಎಂದರು. ನಾನೂ ನಕ್ಕೆ. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನನ್ನ ತಂದೆ ಹೋದಾಗ ಹದಿಮೂರು ದಿನ ಅಳಲು ನನಗೆ ಪುರುಸೊತ್ತೇ ಇರಲಿಲ್ಲ. ದರ್ಭೆ ಎಲ್ಲಿ, ಎಳ್ಳು ಎಲ್ಲಿ, ಹತ್ತನೆಯ ದಿನಕ್ಕೆ ಯಾರಿಗೆ ಹೇಳಿದ್ದೀರಿ, ವೈಕುಂಠ ಸಮಾರಾಧನೆಗೆ ಎಷ್ಟು ಎಲೆ – ಅಡುಗೆಮನೆಗೂ ನಡುಮನೆಗೂ ಓಡಾಡುವುದರಲ್ಲೇ ಹದಿಮೂರು ದಿನ ಕಳೆಯಿತು. ಆಗ ರೇಗುತ್ತಿತ್ತು. ಆ ಓಡಾಟವೇ ಔಷಧಿಯಾಗಿತ್ತೆಂದು ಗೊತ್ತಾದದ್ದು ಗುಂಡ ಸತ್ತ ಮೇಲೆ. ನಮ್ಮ ಷೋಡಶ ಸಂಸ್ಕಾರಗಳಲ್ಲಿ ನಾಯಿಗೆಂದು ಮಾಡುವುದು ಏನೂ ಇಲ್ಲ. ದುಃಖ ಇತ್ತು, ಕೈಗೆ ಕೆಲಸವಿರಲಿಲ್ಲ.

ಎರಡು ವಾರ ಕಳೆದು ಎಂಟನೆಯ ತರಗತಿಗೆ ಈಜಿಪ್ಟಿನ ಪಾಠ ಬಂತು. ಪ್ರತಿವರ್ಷವೂ ನಾನು ಆ ಪಾಠದಲ್ಲಿ ಒಂದು ನಗೆಚಟಾಕಿ ಹಾರಿಸುವುದುಂಟು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ: ಈಜಿಪ್ಟಿನ ಮನೆಯಲ್ಲಿ ಬೆಕ್ಕು ತಾನಾಗಿ ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಾರೆ, ನಾಯಿ ಸತ್ತರೆ ತಲೆಯೂ ಸೇರಿ ಮೈಯೆಲ್ಲ. “ನಿಮ್ಮ ಹೆಡ್‌ಮೇಷ್ಟ್ರು ಹುಬ್ಬಿಲ್ಲದೆ ಬಂದರೆ ಹೇಗಿರುತ್ತೆ?” ಎಂದು ಕೇಳಿದರೆ ಕ್ಲಾಸು ಹೋ ಎನ್ನುತ್ತದೆ, ಬೆಕ್ಕಿನ ಪೂಜೆ ಎಂಬ ಅಂಶ ಪರೀಕ್ಷೆಯವರೆಗೆ ನೆನಪಿರುತ್ತದೆ. ಆ ವರ್ಷವೂ ಕ್ಲಾಸು ನಕ್ಕಿತು. ನನಗೆ ಮುಂದಿನ ವಾಕ್ಯ ಬರಲಿಲ್ಲ. ಒಂದು ಇಡೀ ದೇಶದಲ್ಲಿ, ಬೀದಿಯಲ್ಲಿ ನಡೆದುಹೋಗುವವನ ಮುಖ ನೋಡಿದರೇ ಸಾಕು, ಇವನ ಮನೆಯಲ್ಲಿ ಬೆಕ್ಕು ಸತ್ತಿದೆಯೆಂದು ತಿಳಿಯುತ್ತಿತ್ತು. ಅಲ್ಲಿ ಯಾರೂ ‘ಜ್ವರ’ ಎಂದು ಬರೆಯಬೇಕಾಗಿರಲಿಲ್ಲ.

ಇನ್ನೊಬ್ಬ ಗ್ರೀಕ, ಡಿಯೊಡೊರಸ್, ಇದಕ್ಕಿಂತ ಸ್ಪಷ್ಟವಾಗಿ ಹೇಳುತ್ತಾನೆ. ಇಂಥ ಪ್ರಾಣಿ ಸತ್ತ ಮನೆಯಲ್ಲಿ ಕೂಡಿಟ್ಟಿದ್ದ ಧಾನ್ಯವನ್ನಾಗಲಿ ದ್ರಾಕ್ಷಾರಸವನ್ನಾಗಲಿ ಅವರು ಮತ್ತೆ ಬಳಸುತ್ತಿರಲಿಲ್ಲವಂತೆ. ಓದಿ ನಾನು ಪುಸ್ತಕ ಮಡಚಿಟ್ಟೆ. ಸೂತಕವಲ್ಲದೆ ಇದು ಮತ್ತೇನು!

ಆಮೇಲೆ ಬೇಸಿಗೆ ರಜೆಯುದ್ದಕ್ಕೂ ಇದೇ ಓದು. ಬಿ.ಎ.ಯಲ್ಲಿ ಓದದೆ ಬಿಟ್ಟದ್ದನ್ನೆಲ್ಲ ಈಗ ಓದಿದೆ ಎನ್ನಬಹುದು. ಈಜಿಪ್ಟಿನ ಗೀಜಾದಲ್ಲಿ 1935ರಲ್ಲಿ ಜಾರ್ಜ್ ರೈಸ್ನರ್ ಎಂಬ ಅಮೆರಿಕದ ಪುರಾತತ್ವಜ್ಞನಿಗೆ ಒಂದು ಬರಹದ ಕಲ್ಲು ಸಿಕ್ಕಿತು. ಯಾರದೋ ಗೋರಿಯನ್ನು ಕಟ್ಟುವಾಗ, ಹಳೆಯದೊಂದು ಗೋರಿಯಿಂದ ಕಿತ್ತುತಂದು ಸೇರಿಸಿದ್ದ ಕಲ್ಲು. ಸುಮಾರು 4,300 ವರ್ಷದ ಹಿಂದಿನದು. ಅದರಲ್ಲಿರುವುದು ಒಂದು ನಾಯಿಯ ಸಂಗತಿ. ಅರಸನ ಕಾವಲುನಾಯಿ, ಹೆಸರು ಅಬುತಿಯು. ಅದು ಸತ್ತಾಗ ಅರಸ ತನ್ನ ಬೊಕ್ಕಸದಿಂದ ಶವಪೆಟ್ಟಿಗೆ, ನಯವಾದ ನಾರುಬಟ್ಟೆ, ಧೂಪ, ಸುಗಂಧದ ಲೇಪನ ಎಲ್ಲ ಕೊಡಿಸಿ, ಕಲ್ಲುಕುಟಿಗರಿಂದ ಗೋರಿ ಕಟ್ಟಿಸಿದನಂತೆ. ಯಾಕೆಂದರೆ ಆ ನಾಯಿ ಪರಲೋಕದ ದೊಡ್ಡ ದೇವರ ಎದುರು ಮರ್ಯಾದೆಯಿಂದ ನಿಲ್ಲಬೇಕು. ಮನುಷ್ಯರಿಗೆ ಏನೇನು ಮಾಡುತ್ತಿದ್ದರೋ ಅದೇ ಪಟ್ಟಿ. ಅರಸನ ಹೆಸರು ಆ ಕಲ್ಲಿನಲ್ಲಿ ಉಳಿದಿಲ್ಲ, ನಾಯಿಯ ಹೆಸರು ಉಳಿದಿದೆ.

ಕೈರೋದ ಮ್ಯೂಸಿಯಮ್ಮಿಗೆ ಸೇರಿದ ಇನ್ನೊಂದು ಸುಣ್ಣಕಲ್ಲಿನ ಪೆಟ್ಟಿಗೆಯ ಚಿತ್ರ ನೋಡಿದೆ. ಕ್ರಿ.ಪೂ. 14ನೇ ಶತಮಾನದ ರಾಜಕುಮಾರ ತುತ್ಮೋಸ್ ತನ್ನ ಬೆಕ್ಕಿಗೆ ಮಾಡಿಸಿದ್ದು. ಇವನು ನಾವು ಪಾಠ ಮಾಡುವ ಅಖೆನಾಟನ್ನನ ಅಣ್ಣ. ಪಟ್ಟಕ್ಕೆ ಬರುವ ಮುಂಚೆಯೇ ತೀರಿಕೊಂಡ. ಬೆಕ್ಕಿನ ಹೆಸರು ತಾ-ಮಿಯು, ಎಂದರೆ ಹೆಣ್ಣುಬೆಕ್ಕು, ಅಷ್ಟೇ. ನಮ್ಮ ಗುಂಡನ ಹೆಸರಿನ ಹಾಗೆ, ಯೋಚಿಸದೆ ಇಟ್ಟು ಅದೇ ಉಳಿದುಬಿಟ್ಟ ಹೆಸರು. ಪೆಟ್ಟಿಗೆಯ ಮೇಲೆ ಬೆಕ್ಕು ಬೆನ್ನು ನೆಟ್ಟಗೆ ಮಾಡಿ ಕೂತಿದೆ, ಎದುರಿಗೆ ಎಡೆ ಇಟ್ಟ ಮೇಜು. ಬರಹದಲ್ಲಿ ಅದನ್ನು ‘ಒಸಿರಿಸ್ ತಾ-ಮಿಯು’ ಎಂದು ಕರೆದಿದ್ದಾರೆ. ಒಸಿರಿಸ್ ಸತ್ತು ಮತ್ತೆ ಎದ್ದ ದೇವರು. ಅವರಲ್ಲಿ ಸತ್ತವರೆಲ್ಲರ ಹೆಸರಿನ ಮುಂದೆ ಆ ದೇವರ ಹೆಸರು ಸೇರಿಸುವ ಪದ್ಧತಿ. ನಾವು ಮದುವೆ ಕಾಗದದಲ್ಲಿ ‘ಕೈಲಾಸವಾಸಿ’ ಎಂದು ಹಾಕುವುದಿಲ್ಲವೆ, ಹಾಗೆ. ಕೈಲಾಸವಾಸಿ ಬೆಕ್ಕು!

ಆ ಎಡೆಯ ಮೇಜು ನೋಡಿದಾಗ ನನಗೆ ಅತ್ತೆ ನೆನಪಾದರು. ಗುಂಡ ಸತ್ತ ಮಾರನೆಯ ದಿನದಿಂದ ಅವರು ದಿನವೂ ಮೊದಲ ಚಪಾತಿಯನ್ನು ತೆಗೆದಿರಿಸಿ, ಗೇಟಿನ ಹೊರಗೆ ಬೀದಿನಾಯಿಗೆ ಹಾಕಿಸುತ್ತಿದ್ದರು. ಕೇಳಿದ್ದಕ್ಕೆ, “ಯಾವುದರ ಬಾಯಿಗೆ ಹೋದ್ರೂ ಅವನಿಗೆ ಮುಟ್ಟುತ್ತೆ ಬಿಡು” ಎಂದರು. ಇದು ಯಾವ ಶಾಸ್ತ್ರ ಎಂದು ನಾನು ಕೇಳಲಿಲ್ಲ. ವೈಶ್ವದೇವದಲ್ಲಿ ಯಮನ ಎರಡು ನಾಯಿಗಳಾದ ಶ್ಯಾಮ ಶಬಲರಿಗೆ ಬಲಿ ಹಾಕುವುದುಂಟು. ಅದನ್ನು ಅವರೇ ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡಿದ್ದರೋ ಏನೋ.

ಇಂಥ ನಂಬಿಕೆಗಳಿಗೆಲ್ಲ ಇಂಗ್ಲಿಷ್ ಪುಸ್ತಕಗಳು ‘ಪೇಗನ್’ ಎನ್ನುತ್ತವೆ. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಮೊದಲಿದ್ದ ಅರ್ಥ ಹಳ್ಳಿಗ ಎಂದು. ಏಕದೇವನನ್ನು ಒಪ್ಪಿದವರು, ಹಳೆಯ ದೇವರುಗಳನ್ನು ಬಿಡದವರಿಗೆ ಇಟ್ಟ ಹೆಸರು. ಈ ಲೆಕ್ಕದಲ್ಲಿ ನಮ್ಮ ಮಾರಮ್ಮ, ಮೈಲಾರಲಿಂಗ, ನಾಗರಕಲ್ಲು ಎಲ್ಲವೂ ಪೇಗನ್ನೇ ಆಗುತ್ತವೆ. ಆದ್ದರಿಂದ ಆ ಮಾತನ್ನು ಕೇಳಿ ನಾವು ಮೂಗು ಮುರಿಯುವ ಹಾಗಿಲ್ಲ.

ಹಾಗೆಂದು ಈಜಿಪ್ಟಿನವರನ್ನು ಪೂರ್ತಿ ನೆಚ್ಚಿಕೊಳ್ಳುವಂತೆಯೂ ಇಲ್ಲ. ನನ್ನ ಉತ್ಸಾಹಕ್ಕೆ ತಣ್ಣೀರೆರಚಿದ್ದು ಅವರೇ. ಮುಂದಿನ ಶತಮಾನಗಳಲ್ಲಿ ಬಾಸ್ತೆತ್ ದೇವಿಗೆ ಹರಕೆ ಒಪ್ಪಿಸಲು ಬೆಕ್ಕಿನ ಮಮ್ಮಿಗಳಿಗೆ ಬೇಡಿಕೆ ಹೆಚ್ಚಿತು. ದೇವಸ್ಥಾನದವರೇ ಬೆಕ್ಕು ಸಾಕಿ, ಎಳೆಯ ಮರಿಗಳ ಕತ್ತು ಮುರಿದು, ಬಟ್ಟೆ ಸುತ್ತಿ ಮಾರಿದ್ದಾರೆ. ಎಕ್ಸ್-ರೇ ತೆಗೆದಾಗ ಮುರಿದ ಕತ್ತುಗಳು ಕಂಡಿವೆ. ಮ್ಯಾಂಚೆಸ್ಟರಿನ ವಿದ್ವಾಂಸರು 800ಕ್ಕೂ ಹೆಚ್ಚು ಪ್ರಾಣಿ ಮಮ್ಮಿಗಳನ್ನು ಪರೀಕ್ಷಿಸಿ 2015ರಲ್ಲಿ ತಿಳಿಸಿದಂತೆ, ಸುಮಾರು ಮೂರರಲ್ಲೊಂದು ಪಾಲಿನಲ್ಲಿ ಪ್ರಾಣಿಯ ಅವಶೇಷವೇ ಇರಲಿಲ್ಲ, ಬರೀ ಮಣ್ಣು, ಕಡ್ಡಿ. ಪೂಜಿಸುವ ಕೈಯೇ ಕತ್ತನ್ನೂ ಮುರಿಯುತ್ತದೆ. ಗೋಮಾತೆ ಎನ್ನುತ್ತಲೇ ಹಾಲು ಬತ್ತಿದ ಹಸುವನ್ನು ರಸ್ತೆಗೆ ಅಟ್ಟುವ ನಾವು ಇದಕ್ಕೆ ಹೆಚ್ಚು ಆಶ್ಚರ್ಯಪಡಬೇಕಾಗಿಲ್ಲ. ಆ ಬೆಕ್ಕುಗಳ ಕೊನೆಯ ಗತಿಯಂತೂ ಕೇಳುವುದೇ ಬೇಡ: 1890ರಲ್ಲಿ ಸುಮಾರು 1,80,000 ಬೆಕ್ಕುಗಳ ಮಮ್ಮಿಗಳನ್ನು, ತೂಕದಲ್ಲಿ 19 ಟನ್ನಿನಷ್ಟು, ಇಂಗ್ಲೆಂಡಿನ ಲಿವರ್‌ಪೂಲಿಗೆ ಹಡಗಿನಲ್ಲಿ ತಂದು ಹೊಲಕ್ಕೆ ಗೊಬ್ಬರವೆಂದು ಹರಾಜು ಹಾಕಿದರು.

ಆದ್ದರಿಂದ ದೇವಸ್ಥಾನದ ಬೆಕ್ಕುಗಳನ್ನು ಬಿಟ್ಟು ನಾನು ಮನೆಯ ಪ್ರಾಣಿಗಳನ್ನು ಹುಡುಕಿದೆ. ರೋಮನ್ನರ ಕಾಲದ ಹೆಣ್ಣುನಾಯಿಯೊಂದರ ಅಮೃತಶಿಲೆಯ ಗೋರಿಕಲ್ಲು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮಾರ್ಗರೀಟಾ, ಎಂದರೆ ಮುತ್ತು. ಬೇಟೆಯ ನಾಯಿಯಾದರೂ ಯಜಮಾನನ, ಯಜಮಾನಿಯ ತೊಡೆಯ ಮೇಲೆ ಮಲಗುತ್ತಿತ್ತಂತೆ, ಏಟನ್ನೂ ಸರಪಳಿಯನ್ನೂ ಕಂಡದ್ದಿಲ್ಲವಂತೆ, ಹೆರಿಗೆಯಲ್ಲಿ ಸತ್ತಿತಂತೆ. ಇಷ್ಟನ್ನೂ ಆ ನಾಯಿಯೇ ಹೇಳುವ ಹಾಗೆ ಕೆತ್ತಿಸಿದ್ದಾರೆ. ಇಟಲಿಯ ಸಲೆರ್ನೊದಲ್ಲಿ ಸಿಕ್ಕ ಇನ್ನೊಂದು ಕಲ್ಲಿನಲ್ಲಿ, ಹದಿನೈದು ವರ್ಷದ ಹಿಂದೆ ಸಂತೋಷದಿಂದ ಎತ್ತಿಕೊಂಡು ಬಂದ ನಾಯಿಮರಿಯನ್ನು ಈಗ ಅಳುತ್ತ ಎತ್ತಿಕೊಂಡು ಹೋಗುತ್ತಿದ್ದೇನೆ ಎಂದು ಸಾಕಿದವರು ಹೇಳಿಕೊಂಡಿದ್ದಾರೆ. ಗುಂಡನನ್ನು ಚರಂಡಿಯಿಂದ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಬಂದದ್ದು ನಾನೇ. ಜಮಖಾನದ ಒಂದು ತುದಿ ಹಿಡಿದದ್ದೂ ನಾನೇ. ಎರಡು ಸಲದ ಭಾರವನ್ನು ಹೀಗೆ ಹೋಲಿಸಿ ನೋಡುವುದು ನನಗೆ ಹೊಳೆದಿರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆರನಿಕೆ. ಈಜಿಪ್ಟಿನ ಕೆಂಪು ಸಮುದ್ರದ ದಡದಲ್ಲಿದ್ದ ಹಳೆಯ ಬಂದರು ಇದು. ನಮ್ಮ ಮಲಬಾರಿನ ಕಾಳುಮೆಣಸು ಇಲ್ಲಿ ಇಳಿದು ರೋಮಿಗೆ ಹೋಗುತ್ತಿತ್ತು. ಅಲ್ಲಿನ ಸೆರಾಪಿಸ್ ದೇವಾಲಯದ ಅಂಗಳದಲ್ಲಿ, ಭಾರತದಲ್ಲೇ ಮಾಡಿದ ಗುಡಾಣದ ತುಂಬ ಏಳೂವರೆ ಕಿಲೋ ಮೆಣಸು ಹಾಗೆಯೇ ಸಿಕ್ಕಿದೆ. ಊರ ಹೊರಗೆ, ಕಸ ಸುರಿಯುವ ದಿಬ್ಬದ ಪಕ್ಕ ಪ್ರಾಣಿಗಳ ರುದ್ರಭೂಮಿ. ಕ್ರಿ.ಶ. 1 ಮತ್ತು 2ನೇ ಶತಮಾನದ್ದು. ಪೋಲೆಂಡಿನ ಮಾರ್ತಾ ಒಸಿಪಿನ್ಸ್‌ಕಾ ಎಂಬ ಪ್ರಾಣಿ ಪುರಾತತ್ವಜ್ಞೆ ಅಲ್ಲಿನ ಮೂಳೆಗಳನ್ನು ಎಣಿಸಿದ್ದಾರೆ: ಒಟ್ಟು 585 ಪ್ರಾಣಿಗಳು. ಬೆಕ್ಕು 536, ನಾಯಿ 32, ಕೋತಿ 15, ಒಂದು ನರಿ, ಒಂದು ಡೇಗೆ. ಕೋತಿಗಳಲ್ಲಿ ಭಾರತದವು ಇವೆ. ಮೆಣಸಿನ ಜೊತೆ ಹಡಗು ಹತ್ತಿ ಹೋಗಿ, ಆ ಮರಳಿನಲ್ಲಿ ಯಾರದೋ ಮುದ್ದಿಗೆ ಸಿಕ್ಕಿ ಸತ್ತವು ಪಾಪ.

ಈ ಬೆಕ್ಕು ನಾಯಿಗಳು ಯಾವುದೂ ಮಮ್ಮಿಯಲ್ಲ, ಯಾವುದನ್ನೂ ದೇವರಿಗೆಂದು ಕೊಂದದ್ದಲ್ಲ. ಕೆಲವು ಬೆಕ್ಕುಗಳ ಕತ್ತಿನಲ್ಲಿ ಕಬ್ಬಿಣದ ಪಟ್ಟಿ, ಕೆಲವಕ್ಕೆ ಮಣಿಸರ. ಹಲ್ಲೆಲ್ಲ ಉದುರಿದ ಮೇಲೂ ಬದುಕಿದ್ದ ಮುದಿ ಪ್ರಾಣಿಗಳಿದ್ದವು. ಯಾರೋ ಮೆತ್ತಗೆ ಕಲಸಿ ತಿನ್ನಿಸದೆ ಅವು ಬದುಕುವಂತಿರಲಿಲ್ಲ. ಒಂದು ದೊಡ್ಡ ನಾಯಿಗೆ ಮೂಳೆಯ ಕ್ಯಾನ್ಸರ್ ಆಗಿತ್ತು. ಅದರ ಹೊಟ್ಟೆಯಿದ್ದ ಜಾಗದಲ್ಲಿ ಕೊನೆಯ ಊಟದ ಗುರುತು ಸಿಕ್ಕಿದೆ: ಮೀನು, ಆಡಿನ ಮಾಂಸ. ಸಾಯುವ ನಾಯಿಗೆ ಹಬ್ಬದ ಊಟ ಹಾಕಿದ್ದಾರೆ. ಸತ್ತ ಮೇಲೆ ಗರಿಯ ಚಾಪೆಯಲ್ಲಿ ಸುತ್ತಿ, ಮೇಲೆ ಒಡೆದ ಮಡಕೆಯ ಹೋಳುಗಳನ್ನು ಮುಚ್ಚಿದ್ದಾರೆ. ಬರಹವಿಲ್ಲ, ಹೆಸರಿಲ್ಲ, ಯಾವ ದೇವರ ಮೊರೆ ಹೊಕ್ಕರೋ ಅದೂ ಇಲ್ಲ. ಚಾಪೆ ಸುತ್ತಿದವರು ಹೆಂಗಸರೋ ಗಂಡಸರೋ. ಅಡುಗೆ ಮಾಡಿ ತಿನ್ನಿಸಿದ ಕೈ ಯಾರದೆಂದು ಮಾತ್ರ ನನಗೆ ಅನುಮಾನವಿಲ್ಲ. ಗುಂಡನಿಗೆ ಕೊನೆಯ ದಿನ ನಾನು ಕೊಟ್ಟದ್ದು ಮೊಸರನ್ನ. ಎರಡು ತುತ್ತು ನೆಕ್ಕಿ, ನನ್ನ ಮನಸ್ಸಿಗೆ ನೋವಾಗಬಾರದೆಂಬಂತೆ ಬಾಲ ಒಮ್ಮೆ ಅಲ್ಲಾಡಿಸಿ ಬಿಟ್ಟುಬಿಟ್ಟಿದ್ದ.

ನಮ್ಮಲ್ಲಿ ಏನಿದೆ ಎಂದು ಹುಡುಕುವವರು ಮೊದಲು ಹೇಳುವುದು ಧರ್ಮರಾಯನ ನಾಯಿಯ ಕಥೆ. ನನಗೂ ಇಷ್ಟವಾದ ಕಥೆಯೇ. ಆದರೆ ಅದನ್ನು ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಕೊನೆಗೆ ಒಂದು ಮೋಸ ಕಾಣುತ್ತದೆ. ಸ್ವರ್ಗದಲ್ಲಿ ನಾಯಿಗಳಿಗೆ ಜಾಗವಿಲ್ಲ ಎಂದ ಇಂದ್ರನ ಮಾತು ಹಾಗೇ ಉಳಿಯುತ್ತದೆ. ಒಳಗೆ ಹೋದದ್ದು ನಾಯಿಯ ವೇಷದ ಯಮಧರ್ಮ. ನಿಜವಾದ ನಾಯಿಗೆ ಬಾಗಿಲು ತೆರೆಯಲೇ ಇಲ್ಲ. ಭೈರವನ ವಾಹನ, ದತ್ತಾತ್ರೇಯನ ಕಾಲ ಬಳಿಯ ನಾಯಿಗಳು, ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ಕಟ್ಟಿದ ನಾಯಿಗಳ ಗುಡಿ – ಇವೆಲ್ಲ ಪೂಜೆಯ ಮಾತಾಯಿತು. ನನಗೆ ಬೇಕಾಗಿದ್ದದ್ದು ಸತ್ತ ಒಂದು ನಾಯಿ, ಅತ್ತ ಒಬ್ಬ ಮನುಷ್ಯ.

ಅದು ಮೂವತ್ತು ವರ್ಷದಿಂದ ನನ್ನ ಪಾಠದ ಟಿಪ್ಪಣಿಯಲ್ಲೇ ಇತ್ತು! ‘ಕ್ರಿ.ಶ. 949, ತಕ್ಕೋಲಂ ಕದನ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ಜಯ. ಚೋಳ ರಾಜಾದಿತ್ಯನ ಮರಣ. ಆಧಾರ: ಆತಕೂರು ಶಾಸನ.’ ಬಿ.ಇಡ್. ಓದುವಾಗಿನಿಂದ ಬರೆಸಿಕೊಂಡು ಬಂದ ನಾಲ್ಕು ಸಾಲು. ಆ ಶಾಸನ ಯಾಕೆ ಹಾಕಿಸಿದರೆಂದು ನಾನು ಕೇಳಿರಲಿಲ್ಲ, ನನಗೆ ಕಲಿಸಿದವರೂ ಹೇಳಿರಲಿಲ್ಲ. ಮಗಳ ಮನೆಗೆ ಬೆಂಗಳೂರಿಗೆ ಹೋಗಿದ್ದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲನ್ನು ನೋಡಿದೆ. ನಾಯಿಯೂ ಕಾಡುಹಂದಿಯೂ ಒಂದರ ಮೇಲೊಂದು ಎರಗಿವೆ, ಸುತ್ತ ಹಳಗನ್ನಡದ ಅಕ್ಷರ.

ಕಥೆ ಇಷ್ಟು. ತಕ್ಕೋಲಂ ಯುದ್ಧದಲ್ಲಿ ಗಂಗರ ಬೂತುಗ ರಾಷ್ಟ್ರಕೂಟರ ಪರವಾಗಿ ಹೋರಾಡಿ ರಾಜಾದಿತ್ಯನನ್ನು ಕೊಂದ. ಅವನ ಕಡೆಯ ವೀರ ಮಣಲೇರ. ಅವನ ಶೌರ್ಯಕ್ಕೆ ಮೆಚ್ಚಿ ಬೂತುಗ ಬೇಕಾದ್ದು ಕೇಳು ಎಂದಾಗ, ಮಣಲೇರ ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಕೇಳಿ ಪಡೆದ ಆ ಕಾಳಿಯನ್ನು ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಚ್ಚಾಡಿ ಎರಡೂ ಸತ್ತವು. ಅದಕ್ಕೆ ಈಗಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಬಿಟ್ಟರು. ಇಷ್ಟಕ್ಕೇ ನಿಲ್ಲಲಿಲ್ಲ. ಗುಡಿಯನ್ನು ನೋಡಿಕೊಳ್ಳುವ ಗೊರವ, ಎಂದರೆ ಆ ಕಾಲದ ಶೈವ ಅರ್ಚಕ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರಲಿ ಎಂದು ಕೆತ್ತಿಸಿದ್ದಾರೆ.

ಕಾಳಿ ಮಾಡಿದ ಪಾಪವಾದರೂ ಏನಿದ್ದೀತು? ಗುಂಡನ ಲೆಕ್ಕದಲ್ಲಿ ಹೇಳುವುದಾದರೆ ಎರಡು ಕೋಳಿ, ಅತ್ತೆಯ ಒಣಹಾಕಿದ ಸಂಡಿಗೆ, ಪೋಸ್ಟ್‌ಮ್ಯಾನಿನ ಪ್ಯಾಂಟು. ನಗು ಬಂದರೂ ಆ ಸಾಲಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಅರ್ಚಕ ದಿನವೂ ಊಟಕ್ಕೆ ಮೊದಲು ಒಂದು ನಾಯಿಯನ್ನು ನೆನೆಯಬೇಕು. ತನ್ನದಲ್ಲದ, ತಾನು ಕಂಡೇ ಇಲ್ಲದ ನಾಯಿಯನ್ನು. ಮಣಲೇರ ಸತ್ತ ಮೇಲೂ, ಅವನ ಮಕ್ಕಳು ಸತ್ತ ಮೇಲೂ. ಎಷ್ಟು ಕಾಲ ಆ ಪೂಜೆ ನಡೆಯಿತೋ. ಎಷ್ಟೋ ಜನ ಗೊರವರು ಬೈದುಕೊಂಡೇ ನೀರು ಚಿಮುಕಿಸಿರಬಹುದು. ಹಾಗೆ ಬೈದುಕೊಂಡು ಮಾಡಿದ್ದಾದರೂ ಪೂಜೆ ಪೂಜೆಯೇ. ಉದ್ಧರಣೆ ತಿಕ್ಕಿದ ನಮ್ಮ ಅತ್ತೆಯನ್ನು ಕೇಳಿ ಬೇಕಾದರೆ.

ಮ್ಯೂಸಿಯಂನವನು ನನ್ನನ್ನು ನೋಡಿ, “ಏನಮ್ಮ, ಹಳಗನ್ನಡ ಓದ್ತೀರಾ?” ಎಂದ. ಇಲ್ಲಪ್ಪ, ನಮ್ಮ ಮನೆಯಲ್ಲಿ ನಾಯಿ ಸತ್ತಿದೆ ಎಂದೆ. ಹೊರಗೆ ಹಾಗೆ ಹೇಳಿದ್ದು ಅದೇ ಮೊದಲು. ಅವನು ಪೆಚ್ಚಾಗದೆ, “ಎಷ್ಟು ವರ್ಷ ಆಗಿತ್ತು?” ಎಂದು ಕೇಳಿದ.

ಶಾಲೆ ತೆರೆದ ಮೇಲೆ ರಾಷ್ಟ್ರಕೂಟರ ಪಾಠ ಬಂದಾಗ ಬರೆಸುವ ನಾಲ್ಕು ಸಾಲು ಬರೆಸಿ, ಪುಸ್ತಕ ಮುಚ್ಚಿಸಿ, ಕಾಳಿಯ ಕಥೆ ಹೇಳಿದೆ. ಗುಂಡನ ವಿಷಯವನ್ನೂ ಹೇಳಿದೆ, ಜ್ವರದ ಅರ್ಜಿಯನ್ನೊಂದು ಬಿಟ್ಟು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗ ತಮ್ಮ ಮನೆಯ ಕರು ಸತ್ತದ್ದನ್ನು ಹೇಳಿದ, ಇನ್ನೊಬ್ಬಳು ಗಿಳಿಯದ್ದು. ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ನಿಂತಳು.

“ಮಿಸ್, ಹಂದಿಗೆ ಯಾರೂ ಕಲ್ಲು ಹಾಕಿಸ್ಲಿಲ್ವಾ?”

ಕಲ್ಲಿನಲ್ಲಿ ಹಂದಿಯೂ ಇದೆ ಎಂದೆ.

“ಅದರ ಹೆಸರು?”

ಹೆಸರಿಲ್ಲ ಎಂದೆ. ಅವಳು ಒಪ್ಪಿದಂತೆ ಕಾಣಲಿಲ್ಲ. ಬೆಲ್ಲು ಹೊಡೆದರೂ ಸ್ವಲ್ಪ ಹೊತ್ತು ನಿಂತೇ ಇದ್ದಳು.